ಭುಜದ ಕಂದು ಮಚ್ಚೆ

ವರ್ಷದ ದಿನಕ್ಕೊಂದರ ಲೆಕ್ಕದಲ್ಲಿ ಕಿಲಿಕಿಯ ನಾಡಿನವರಾದ ನಾವು ಪ್ರತಿ ವಸಂತದಲ್ಲೂ ಪರ್ಷಿಯಾದ ದೊರೆಗೆ ಬಿಳಿ ಕುದುರೆಗಳ ಕಪ್ಪ ಒಪ್ಪಿಸಬೇಕು. ಅದರಲ್ಲಿ ನಮ್ಮೂರಿನ ಪಾಲು ಒಂದು. ಮೈಮೇಲೆ ಬೇರೆ ಬಣ್ಣದ ಚುಕ್ಕೆ ಕಂಡರೂ ಊರಿಗೆಲ್ಲ ದಂಡ.

ಈ ಸಲ ಚುಕ್ಕೆಯಿಲ್ಲದ ಬಿಳಿ ಕುದುರೆ ಊರಲ್ಲೇ ಇಲ್ಲವೆಂದು ಯಜಮಾನ ರೊಸ್ಗೆಟ ಸಾರಿದ. ಅವನು ನನ್ನಿಂದ ಕೊಂಡುಹೋಗಿ ಬೆಳೆಸಿದ್ದ ಹಾಲುಬಣ್ಣದ ಗಂಡುಮರಿ ಕಣಿವೆಗೆ ಬಿದ್ದು ಸತ್ತಿತಂತೆ. ಉಳಿದದ್ದು ಅದರ ತಾಯಿ, ನನ್ನ ಹೆಣ್ಣುಕುದುರೆ. ಮೈಯೆಲ್ಲ ಬಿಳಿ, ಭುಜದ ಮೇಲೆ ಮಾತ್ರ ಅಂಗೈಯಗಲ ಕಂದು ಮಚ್ಚೆ.

ಅದಕ್ಕೂ ಅವನ ಬಳಿ ಮದ್ದಿತ್ತು. ಕುದಿಸಿದ ಗೆಡ್ಡೆಯನ್ನು ಬಿಸಿಬಿಸಿಯಾಗಿ ಚರ್ಮಕ್ಕೆ ಒತ್ತಿ ಕಟ್ಟಿದರೆ ಕೂದಲು ಉದುರಿ, ವಸಂತದ ಹೊತ್ತಿಗೆ ಅಲ್ಲಿ ಬಿಳಿಯದು ಹುಟ್ಟುತ್ತದೆ. ಕುದುರೆ ವ್ಯಾಪಾರಿಗಳ ಹೇಸಿಗೆ ಕೆಲಸ ಅದು. ಬೆಂದ ಚರ್ಮದ ನಾತ ಒಮ್ಮೆ ಮೂಗಿಗೆ ಹತ್ತಿದರೆ ಅನ್ನ ಸೇರುವುದಿಲ್ಲ.

ಮರುದಿನ ಅವನು ಗೆಡ್ಡೆ ಕುದಿಸಿದ ಮಡಕೆ ಹೊರಿಸಿಕೊಂಡು ನನ್ನ ಅಂಗಳಕ್ಕೇ ಬಂದ. ಹಿಂದೆ ಅರ್ಧ ಊರು. ನಾನು ಆಗುವುದಿಲ್ಲ ಎಂದೆ.

"ಊರಿಗೋಸ್ಕರ ತಮ್ಮಾ. ಒಂದು ಪ್ರಾಣಿ ಸ್ವಲ್ಪ ನೋವು ತಿಂದ್ರೆ ಏನಾಯ್ತು?"

"ಮೊದಲು ನಿಮ್ಮ ಬೋಳುತಲೆ ಮೇಲೆ ಇಟ್ಟು ನೋಡೋಣ ಯಜಮಾನ್ರೇ. ಬಿಳಿದೋ ಕರಿದೋ, ಏನಾದ್ರೂ ಹುಟ್ಲಿ," ಎಂದೆ.

ಊರವರು ನನ್ನನ್ನು ಬದಿಗೆ ತಳ್ಳಿ ಕುದುರೆಗೆ ಹಗ್ಗ ಬಿಗಿದರು. ಗೆಡ್ಡೆಯ ಹಬೆ ತಾಗಿದ್ದೇ ಅದು ಕೆನೆಯಿತು. ಯಜಮಾನನ ಮೇಕೆದೊಡ್ಡಿಯಿಂದ ಇನ್ನೊಂದು ಕೆನೆತ ಉತ್ತರ ಕೊಟ್ಟಿತು. ತಾಯಿ ಮತ್ತೆ ಕೂಗಿತು. ಅದೂ ಮತ್ತೆ ಕೂಗಿತು.

ಹಗ್ಗ ಹಿಡಿದವರು ನೆಲ ನೋಡಿದರು. ಇವರಿಗೆಲ್ಲ ಮೊದಲೇ ಗೊತ್ತಿತ್ತೆಂದು ಆಗ ನನಗೆ ತಿಳಿಯಿತು. ಮುದುಕಿ ಅಬಾ ಒಬ್ಬಳೇ ಬಾಯಿಬಿಟ್ಟಳು: "ಕಣಿವೆಗೆ ಬಿದ್ದದ್ದು ಮೇಕೆಯಾಗಿ ಹುಟ್ಟಿ ಬಂದಿದ್ಯೇನೋ ರೊಸ್ಗೆಟ?"

ದೊಡ್ಡಿಗೆ ನುಗ್ಗಿದೆ. ಮೇಕೆಕೂದಲಿನ ಕಂಬಳಿಯ ಮರೆಯಲ್ಲಿ ಆ ಗಂಡುಮರಿ ನಿಂತಿತ್ತು. ಮೈತುಂಬ ಮಸಿಗೆ ಮೇಕೆಹಿಕ್ಕೆ ಕಲಸಿ ಬಳಿದಿದ್ದರು. ಅದು ಒಣಗಿ ಹೆಕ್ಕಳೆ ಎದ್ದಿತ್ತು. ನೊಣ ಮುತ್ತಿ ಕಣ್ಣಲ್ಲಿ ಕೀವು ಸೋರುತ್ತಿತ್ತು. ಊರೆಲ್ಲ ನೋಡಲೆಂದು ಕೊಡಗಟ್ಟಲೆ ನೀರು ಸುರಿದೆ. ಕರಿನೀರು ಇಳಿದು ಹಾಲುಬಣ್ಣ ಕಂಡಿತು. ಹಿಂದಿರುಗಿ ತಾಯಿಯ ಹಗ್ಗ ಬಿಚ್ಚಿದೆ.

ವಸಂತದಲ್ಲಿ ದೊರೆಯ ಆಳುಗಳು ಆ ಗಂಡುಮರಿಯನ್ನೇ ಒಯ್ದರು. ಯಜಮಾನ ಅದರ ಕೊರಳಿಗೆ ಹೂ ಕಟ್ಟಿ, ಊರಿಗಾಗಿ ತನ್ನ ಸ್ವಂತ ಕುದುರೆಯನ್ನೇ ಕೊಟ್ಟೆನೆಂದು ಹೇಳಿಕೊಂಡ. ಹಗ್ಗ ಹಿಡಿದಿದ್ದವರೇ ಹೌದೆಂದು ತಲೆಯಾಡಿಸಿ, ಅವನು ಹಾಕಿಸಿದ ಔತಣವನ್ನು ಬೆರಳು ನೆಕ್ಕಿ ತಿಂದರು. ನನ್ನ ಪಾಲಿನ ಮಾಂಸ ಮನೆಗೆ ಬಂತು. ನಾಯಿಗೆ ಹಾಕಿದೆ.

ತಾಯಿಯ ಭುಜದ ಮಚ್ಚೆ ಹಾಗೇ ಇದೆ. ಮಗ ಹೋದ ದಾರಿಗೆ ಮುಖ ಮಾಡಿಕೊಂಡು ಈಗಲೂ ಕೂಗುತ್ತದೆ. ದೊಡ್ಡಿಯ ಕಡೆಯಿಂದ ಮೇಕೆಗಳು ಮಾತ್ರ ಅರಚುತ್ತವೆ.