ಅಣ್ಣನಿಗಾಗಿ ಕಾಗದದ ತೋಟೆ

ವರ್ಲಿನ್ ತೀರಿಕೊಂಡ ಸುದ್ದಿ ಬಂದಾಗ ಅವನ ತಮ್ಮ ಡೆಲ್ಮರ್ ಬೇಟೆಕೋವಿಯ ತೋಟೆ ತುಂಬುತ್ತ ಕೂತಿದ್ದ. ಅತ್ತಿಗೆ ಓಲೀಟಾ ಫೋನಿನಲ್ಲಿ ಹೇಳಿದ್ದನ್ನು ಕೇಳಿದವನು ಮೊದಲು ಮಾಡಿದ ಕೆಲಸವೆಂದರೆ, ಮೇಜಿಗೆ ಬಿಗಿದಿದ್ದ, ತೋಟೆಯ ಬಾಯಿ ಮುಚ್ಚುವ ತಾತನ ಕಬ್ಬಿಣದ ಕೈತಿರುಪನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಅಡಗಿಸಿದ್ದು. ಕಣ್ಣೀರಿಗಿಂತ ಮುಂಚೆ ಭಯ ಬಂತಲ್ಲ ಎಂದು ಆಮೇಲೆ ತನ್ನ ಮೇಲೇ ಹೇಸಿಗೆಯಾಯಿತು.

ಮಿಸೌರಿಯ ಆ ಸೀಮೆಯಲ್ಲಿ ಈಗ ಎಲ್ಲರದೂ ಪ್ಲಾಸ್ಟಿಕ್ ತೋಟೆ, ಹೊಸ ಯಂತ್ರ. ಅಣ್ಣತಮ್ಮಂದಿರಿಗೆ ಮಾತ್ರ ತಾತನ ರೀತಿಯೇ ಪ್ರಾಣ. ಮೇಣ ಹಚ್ಚಿದ ಕಾಗದದ ಕೊಳವೆಗೆ ಮದ್ದು, ಉಣ್ಣೆಯ ಬಿಲ್ಲೆ, ಚರೆ ಹಾಕಿ ತಿರುಪಿನ ಹಿಡಿ ತಿರುಗಿಸಿದರೆ ಕೊಳವೆಯ ಬಾಯಿ ಮೆಲ್ಲಗೆ ಒಳಕ್ಕೆ ಸುರುಳಿಯಾಗುತ್ತಿತ್ತು. ಆ ಮೇಣದ ವಾಸನೆಗೆ ತಾತ ಪಕ್ಕದಲ್ಲೇ ಕೂತು ಗದರಿಸಿದಂತಾಗುತ್ತಿತ್ತು. ಆದರೆ ತಿರುಪು ಇದ್ದದ್ದು ಒಂದೇ. ಒಂದು ಚಳಿಗಾಲದ ಮಟ್ಟಿಗೆ ಕೊಡು ಎಂದು ವರ್ಲಿನ್ ಕೇಳಿದಾಗ ಮನಸ್ಸು ಬಾರದೆ ಡೆಲ್ಮರ್, "ಅದನ್ನ ಯಾರಿಗೋ ಮಾರಿಬಿಟ್ಟೆ ಕಣೋ" ಎಂದಿದ್ದ. ವರ್ಲಿನ್ ಬೈಯಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಚರ್ಚಿನಿಂದ ಅಣ್ಣನ ಮನೆಗೆ ಬಂದವರೆಲ್ಲ ಉಂಡು ಹೊರಟ ಮೇಲೆ ಓಲೀಟಾ ಗಂಡನ ಬೂದಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನಿಮ್ಮಣ್ಣನ ಆಸೆ ಗೊತ್ತಲ್ಲ. ಬೂದೀನ ತೋಟೇಲಿ ತುಂಬಿ, ಲಾವಕ್ಕಿ ಏಳೋ ಹುಲ್ಲುಗಾವಲಿನ ಮೇಲೆ ಹಾರಿಸ್ಬೇಕಂತೆ. ಅದೂ ಕಾಗದದ ತೋಟೇನೇ ಆಗ್ಬೇಕಂತೆ! ಸತ್ತ ಮೇಲೂ ಹಠ ಬಿಡ್ಲಿಲ್ಲ ನೋಡು, ಈ ಮನುಷ್ಯ."

ಡೆಲ್ಮರ್ ತಟ್ಟೆಯಲ್ಲಿದ್ದ ಹಣ್ಣಿನ ಪೈ ಮುರಿದು ಬಾಯಿಗಿಟ್ಟ.

"ತಿರುಪು ಇಲ್ವಲ್ಲ, ಪ್ಲಾಸ್ಟಿಕ್ಕಲ್ಲೇ ತುಂಬಿಬಿಡು. ಅದನ್ನ ಹುಡುಕ್ಕೊಂಡು ಅವರು ಹೋಗದ ಹರಾಜಿಲ್ಲ. ತಮಗಲ್ಲ ಮತ್ತೆ! 'ಡೆಲ್ಮರ್ ಮಾರಿ ನೊಂದ್ಕೊಂಡಿದಾನೆ, ಸಿಕ್ಕರೆ ಅವನಿಗೇ ಕೊಡ್ತೀನಿ' ಅಂತಿದ್ರು."

ಡೆಲ್ಮರ್ ಪೈಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಣ್ಣನ ಕೊನೆಯ ಆಸೆ ಮಾತ್ರ ನಡೆಯುವುದಿಲ್ಲ. ಅವನು ಎದ್ದು ಮನೆಗೆ ಹೋಗಿ ಕಂಬಳಿಯ ಗಂಟನ್ನು ತಂದು ಅವಳೆದುರು ಬಿಚ್ಚಿದ.

ಓಲೀಟಾ ತಿರುಪಿನ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದಳು.

"ಮಾರಿರ್ಲಿಲ್ಲ."

"ಇಲ್ಲ."

"ಥೂ ನಿನ್ನ! ಒಂದು ಚಳಿಗಾಲಕ್ಕೆ ಕೊಟ್ಟಿದ್ರೆ ಸವೆದುಹೋಗ್ತಿತ್ತೇನೋ?"

"ಕೊಟ್ರೆ ವಾಪಸ್ ಬರಲ್ಲ ಅಂತ..."

"ಅವರೂ ಇನ್ನು ವಾಪಸ್ ಬರಲ್ಲ."

ಅವಳು ಮುಖ ತಿರುಗಿಸಿ ಒಳಗೆ ಹೋದಳು. ಮರಳಿದಾಗ ಕೈಯಲ್ಲಿ ಗಂಡ ಜೋಪಾನವಾಗಿಟ್ಟಿದ್ದ ಕಾಗದದ ಕೊಳವೆಗಳಿದ್ದವು. "ಬಿಗಿ ಅದನ್ನ. ಅಳೋದಿದ್ರೆ ಆ ಕಡೆ ತಿರುಗಿ ಅಳು, ಕಾಗದ ನೆನೆಯುತ್ತೆ."

ಡೆಲ್ಮರ್ ತಿರುಪು ಬಿಗಿದು, ಚರೆಯ ಬದಲು ಬೂದಿ ತುಂಬಿ, ಅವಸರದಲ್ಲಿ ಹಿಡಿ ತಿರುಗಿಸಿದ. ಮೊದಲ ತೋಟೆಯ ಬಾಯಿ ಹರಿದು ಮೇಜಿನ ಮೇಲೆ ಬೂದಿ ಚೆಲ್ಲಿತು. ಓಲೀಟಾ ಅದನ್ನು ಅಂಗೈಯಿಂದ ಒಟ್ಟುಮಾಡಿ ಹೊಸ ಕೊಳವೆಗೆ ಸುರಿದಳು.

"ಮೆಲ್ಲಗೆ ತಿರುಗಿಸು. ಒಳಗಿರೋದು ನಿಮ್ಮಣ್ಣ."

ಮರುದಿನ ಬೆಳಿಗ್ಗೆ ಹುಲ್ಲುಗಾವಲಿನಲ್ಲಿ ನಿಂತು ಅವನು ಆಕಾಶಕ್ಕೆ ಕೋವಿ ಹಾರಿಸಿದ. ಬೂದು ಹೊಗೆ ಕ್ಷಣಕಾಲ ತೂಗಿ ಗಾಳಿಗೆ ಹರಡಿತು. ಡೆಲ್ಮರ್ ಟೋಪಿ ತೆಗೆದು ಮೊಣಕಾಲೂರಿದ.

"ಕರ್ತನೇ, ನನ್ನ ಕ್ಷಮೆಯ ಮಾತು ಆಮೇಲಿರಲಿ. ಮೊದಲು ನನ್ನ ಅಣ್ಣನನ್ನು ನಿನ್ನ ಹತ್ತಿರ ಕೂರಿಸಿಕೊ. ಹುಡುಕಿ ಹುಡುಕಿ ದಣಿದಿದ್ದಾನೆ. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್."