ಹಂಡೆಯೊಳಗಿನ ಎರಡು ಬಾಟಲಿ

ನಮ್ಮ ಸರ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪುಣೆಯಲ್ಲಿ ಅವರ ಪ್ರಯೋಗಾಲಯ, ಅವರ ಕೈಕೆಳಗೆ ಸಂಶೋಧನೆಗೆ ಸೇರಿದವಳು ನಾನು. ಕೊಂಕಣದ ಒಂದು ಬಿಸಿನೀರಿನ ಬುಗ್ಗೆಯ ಕೆಸರಿನಿಂದ ಎರಡು ವರ್ಷ ಹೆಣಗಾಡಿ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೆ. ಕೈ ಸುಡುವಷ್ಟು ಬಿಸಿಯಲ್ಲಿ ಬೆಳೆಯುತ್ತಿತ್ತು, ಗಾಳಿ ತಾಗಿದರೆ ಸಾಯುತ್ತಿತ್ತು. ಅಂಥದ್ದು ನಾನು ಹುಡುಕಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

೧೯೭೪ರ ಏಪ್ರಿಲ್‌ನಲ್ಲಿ ಸರ್ ನನ್ನ ನೋಟುಬುಕ್ಕನ್ನು ಮೇಜಿನ ಮೇಲೆ ಎಸೆದರು. "ಇದು ಗಾಳಿಗೆ ಸತ್ತಿತೋ, ತಣ್ಣಗಾಗಿ ಸತ್ತಿತೋ? ನೀನು ಬಾಟಲಿ ತೆರೆದಾಗಲೆಲ್ಲ ಅದು ತಣ್ಣಗೂ ಆಗಿದೆ. ಇಷ್ಟೂ ತಿಳಿಯುವುದಿಲ್ಲವೇ?" ಎಂದು ಮರಾಠಿಯಲ್ಲಿ ಗದರಿದರು. ಎಲ್ಲರ ಎದುರು ಇನ್ನೊಂದು ಮಾತು ಸೇರಿಸಿದರು: "ಕುರಿ ಕಾಯೋ ಬುದ್ಧಿ." ನಮ್ಮದು ಮಹಾರಾಷ್ಟ್ರದ ಗಡಿಯ ಕನ್ನಡ ಸೀಮೆ, ಜತ್ತ ಹತ್ತಿರದ ಮುಚ್ಚಂಡಿ, ಕುರಿ ಸಾಕುವ ಮನೆತನ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜೂನ್‌ನಲ್ಲಿ ಕಾಲೇಜು ತೆರೆಯುವಷ್ಟರಲ್ಲಿ ಉತ್ತರ ತರದಿದ್ದರೆ ನನ್ನ ಜಾಗ ಬೇರೊಬ್ಬನಿಗೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಬೇಸಿಗೆ ಸೂಟಿಯಲ್ಲಿ ಪ್ರಯೋಗಾಲಯದ ಕರೆಂಟು ತೆಗೆದರು. ಜೀವಂತ ಉಳಿದದ್ದು ಎರಡೇ ಬಾಟಲಿ. ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ, ಗಾಳಿ ಹೋಗುವಂತೆ ಕುದಿಸಿದ ಸಾರನ್ನು ಕಂಠದವರೆಗೆ ತುಂಬಿ, ರಬ್ಬರ್ ಬಿರಡೆ ಜಡಿದು, ಮೇಲೆ ಮೇಣ ಹಚ್ಚಿದ್ದೆ. ಅವನ್ನು ಬಿಸಿ ಆರದಂತೆ ಬಿಸಿನೀರಿನ ರಬ್ಬರ್ ಚೀಲದ ಜೊತೆ ಅರಳೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಊರ ತನಕ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕುತ್ತಿಗೆ ಮಾತ್ರ ಹೊರಗಿರುವಂತೆ ನಿಲ್ಲಿಸಿದೆ. ಮಾರನೆಯ ದಿನ ಎತ್ತಿ ನೋಡಿದರೆ ಸಾರಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಬದುಕಿದ್ದವು.

"ಇದರಾಗ ಏನೈತೆವಾ?" ಎಂದಳು ಅವ್ವ. ಅವಳ ಹೆಸರು ಅಕ್ಕವ್ವ. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ.

"ಜೀವ ಐತಿ ಯವ್ವಾ. ನಿನ್ನ ಕುರಿಮರಿ ಇದ್ದಂಗ ಜೋಪಾನ ಮಾಡು. ನೀರಾಗ ಕೈ ಇಟ್ಟ ಕೂಡಲೆ ಹಿಂದ ತಗೀಬೇಕು, ಅಷ್ಟ ಬಿಸಿ ಇರಬೇಕ ನೋಡು."

ಬಿರಡೆ ಮುಟ್ಟಬೇಡ ಎಂದು ಹೇಳಲಿಲ್ಲ. ಯಾರು ಮುಟ್ಟುತ್ತಾರೆ ಎಂದುಕೊಂಡೆ. ಎಂಟು ದಿನ ಅವ್ವ ಸಗಣಿಯ ಕುಳ್ಳು ಒಟ್ಟಿ ಒಟ್ಟಿ ಬೆಂಕಿ ಆರದಂತೆ ನೋಡಿಕೊಂಡಳು. ಒಂಬತ್ತನೆಯ ದಿನ ನಾನು ಡಫಳಾಪುರಕ್ಕೆ ಸೋದರತ್ತೆಯನ್ನು ನೋಡಲು ಹೋಗಿ, ಮರುದಿನ ಮಧ್ಯಾಹ್ನ ಬಂದೆ. ನೇರ ಬಚ್ಚಲಿಗೆ ಹೋದರೆ, ಒಂದು ಬಾಟಲಿಯ ಬಿರಡೆ ಕಿತ್ತಿತ್ತು. ಸಾರು ಅರ್ಧಕ್ಕೆ ಇಳಿದಿತ್ತು, ಒಂದೇ ಒಂದು ಗುಳ್ಳೆಯಿರಲಿಲ್ಲ.

"ಯವ್ವಾ! ಏನ್ ಮಾಡಿದಿ ಇದಕ್ಕ?"

"ಬಾಯಿ ಕಟ್ಟಿದ ಜೀವ ಹೆಂಗ ಉಳದೀತು ಅಂತ ನಿನ್ನೆ ಮುಂಜಾನೆ ತಗದ್ನೆವಾ. ಹುಟ್ಟಿದಾಗ ಉಸರು ಹಿಡದ ಮರೀನ ಝಾಡಸ್ತೀವಲ್ಲ, ಹಂಗ ಅರ್ಧ ಚೆಲ್ಲಿ, ಜೋರ ಅಲುಗಾಡಿಸಿ, ಬಿಸಿ ಆರೂದ್ರೊಳಗ ಮತ್ತ ಅಲ್ಲೇ ಇಟ್ಟೆ."

ಆಗ ಬಂದಂಥ ಸಿಟ್ಟು ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಕೈಗೆ ಸಿಕ್ಕ ತಂಬಿಗೆಯನ್ನು ಗೋಡೆಗೆ ಬೀಸಿ ಒಗೆದೆ. "ಎರಡು ವರ್ಷ ಮಣ್ಣಪಾಲ ಮಾಡಿದೆಲ್ಲ! ಯಾರ ಹೇಳಿದ್ರು ನಿನಗ? ನಿಂದು ಕುರಿ ಕಾಯೋ ಬುದ್ಧಿ! ಸಾಯೂತನಕ ಕುರಿ ಕಾಯೋ ಬುದ್ಧೀನ!" ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅವ್ವ ತಂಬಿಗೆ ಎತ್ತಿಟ್ಟಳು. ಅದರ ಕಂಠ ನಗ್ಗಿತ್ತು. ನನ್ನ ಮುಖ ನೋಡದೆ ಹೇಳಿದಳು:

"ಹೌದವಾ, ಕುರಿ ಕಾಯೋ ಬುದ್ಧೀನ. ಅದಕ್ಕ ಎರಡನೇದ್ದು ಮುಟ್ಟಲಿಲ್ಲ. ಒಂದ ಮರಿಗಿ ಕುಡಿಸಿದ ಔಷಧ ತಿರುಗಿ ಬಿದ್ರ ಇನ್ನೊಂದಕ್ಕ ಕುಡಸ್ತಾರೇನು? ಬಾಯಿ ತಗದದ್ದು ಸಂಜಿಗೇ ಸುಮ್ಮನಾತು. ಮುಚ್ಚಿದ್ದು ಇನ್ನಾ ಗುಳ್ಳಿ ಬಿಡಾಕತ್ತೈತಿ, ನೋಡು. ಎರಡಕ್ಕೂ ಒಂದ ಹಂಡೆ, ಒಂದ ಬೆಂಕಿ. ಬಿಸಿ ಒಂಚೂರು ಕಮ್ಮಿ ಆಗಾಕ ಬಿಟ್ಟಿಲ್ಲ ನಾ. ಇದಕ್ಕ ಗಾಳೀನ ಆಗಿಬರಂಗಿಲ್ಲ."

ನಾನು ಎರಡನೆಯ ಬಾಟಲಿ ಎತ್ತಿ ನೋಡಿದೆ. ಒಂದೇ ಬಿಸಿ, ಒಂದಕ್ಕೆ ಗಾಳಿ, ಇನ್ನೊಂದಕ್ಕಿಲ್ಲ. ಸರ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಹಂಡೆಯಲ್ಲಿ ನಿಂತಿತ್ತು. ತಪ್ಪಾಯಿತು ಎನ್ನಬೇಕಿತ್ತು, ನಾನು ನೋಟುಬುಕ್ಕು ತಂದು ಅವಳು ಹೇಳಿದ್ದನ್ನು ಬರೆದುಕೊಂಡೆ. ಅವ್ವ ಕುರಿಗಳಿಗೆ ನೀರು ತೋರಿಸಲು ಹೋದಳು. ಹೊರಡುವ ದಿನ ಎರಡೂ ಬಾಟಲಿಗಳನ್ನು ಅವಳೇ ಬಿಸಿನೀರಿನ ಚೀಲದ ಜೊತೆ ಅರಳೆಯಲ್ಲಿ ಸುತ್ತಿ ಕೊಟ್ಟಳು, ಬಸ್ಸಿನ ತನಕ ಮಾತ್ರ ಬರಲಿಲ್ಲ.

ಜೂನ್‌ನಲ್ಲಿ ಸರ್ ಅದನ್ನೇ ಮೂರು ಸಲ ಮಾಡಿ ನೋಡಿದರು. ಬಿಸಿನೀರಿನಲ್ಲಿ ಇಟ್ಟಂತೆಯೇ ತೆರೆದ ಬಾಟಲಿ ಮೂರು ಸಲವೂ ಸತ್ತಿತು, ಮುಚ್ಚಿದ್ದು ಮೂರು ಸಲವೂ ಬದುಕಿತು. ನನ್ನ ಜಾಗ ಉಳಿಯಿತು. ಬ್ಯಾಕ್ಟೀರಿಯಾ ಹೊಸದೇ ಇರಬೇಕು ಎಂದು ಅವರೇ ಬರೆದರು.

"ಪರೀಕ್ಷೆ ಅಚ್ಚುಕಟ್ಟಾಗಿದೆ. ಊರಲ್ಲಿ ಇದನ್ನು ಮೊದಲು ಯಾರು ಮಾಡಿದ್ದು?" ಎಂದು ಕೇಳಿದರು.

"ನಮ್ಮವ್ವ."

"ಏನು ಓದಿದ್ದಾರೆ?"

"ಏನೂ ಇಲ್ಲ ಸರ್. ಕುರಿ ಕಾಯೋ ಬುದ್ಧಿ."

ಸರ್ ತಲೆ ತಗ್ಗಿಸಿದರು. ಅದನ್ನು ನೋಡಿಯೂ ನನಗೆ ಸಮಾಧಾನವಾಗಲಿಲ್ಲ. ಆ ಮಾತನ್ನು ಅವರಿಗಿಂತ ಜೋರಾಗಿ ಕೂಗಿದವಳು ನಾನೇ.