ಎಡಗಡೆಯ ಕದ

ಶಶಿಧರನ ಮೊಳಕೈ ಬಾಗಿಲ ಚೌಕಟ್ಟಿಗೂ ರ‍್ಯಾಕಿಗೂ ನಡುವೆ ಸಿಕ್ಕಿಕೊಂಡು, ಅವನು ಹಿಡಿದಿದ್ದ ಚಾಪೆಯ ತುದಿ ಕೈಜಾರಿತು. ಚಾಪೆಯ ಮೇಲಿದ್ದ ಅಪ್ಪನ ದೇಹ ಒಂದು ಪಕ್ಕಕ್ಕೆ ವಾಲಿತು. ಉಳಿದ ಮೂವರು ಹೇಗೋ ಸಾವರಿಸಿ, ಹಿಂದಕ್ಕೆ ಹೆಜ್ಜೆಯಿಟ್ಟು, ಮತ್ತೆ ಅದೇ ಜಾಗದಲ್ಲಿ, ತಲೆದೆಸೆಯ ದೀಪದ ಪಕ್ಕ ಮಲಗಿಸಿದರು. ಇದು ಮೂರನೆಯ ಸಲ.

ಹೊತ್ತವರಲ್ಲಿ ಒಬ್ಬ, ನಿಲ್ಲಿಸಿಕೊಂಡು ಪಕ್ಕವಾಗಿ ದಾಟಿಸಿಬಿಡೋಣವೇ ಎಂದು ಮೆಲ್ಲಗೆ ಕೇಳಿದ. ಅಶ್ವತ್ಥಪ್ಪ ಅವನನ್ನು ದುರುಗುಟ್ಟಿ ನೋಡಿದ. ಬೆಳಗಿನ ಬಸ್ಸಿಗೆ ಬೂದಿಕೋಟೆಯಿಂದ ಬಂದಿದ್ದ ಅವನು ಶಶಿಧರನ ಅಮ್ಮ ತಾಯಮ್ಮನ ಅಣ್ಣ. ಈ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಶಾಸ್ತ್ರ ಹೇಳುವವನು.

“ಸತ್ತೋನ್ನ ನಿಲ್ಸಿ ನಡುಸ್ತೀಯೇನ್ಲಾ? ಮನಿಕ್ಕಂಡೇ ಓಗ್ಬೇಕು. ಕಾಲು ಮುಂದಾಗಿ, ಮುಂದ್ಲು ಬಾಗ್ಲಾಗೆ.”

ಹಿಂದಿನ ಬಾಗಿಲು ಅಗಲವಾಗಿಯೇ ಇತ್ತು. ಆದರೆ ಅದು ತೆರೆದುಕೊಳ್ಳುವುದು ಕಕ್ಕಸುಗಳ ಹಿಂದಿನ ಚರಂಡಿ ಓಣಿಗೆ. ಈ ಮನೆಗೆ ಬೀರು ಬಂದದ್ದು ಆ ದಾರಿಯಲ್ಲಿ, ಮಂಚ ಬಂದದ್ದು ಆ ದಾರಿಯಲ್ಲಿ. ಯಾರೋ ಆ ಕಡೆಗೆ ಕಣ್ಣು ಹಾಯಿಸಿದ್ದನ್ನು ಶಶಿಧರ ನೋಡಿದ.

“ಫ್ರಿಜ್ ಬಂದ ದಾರೀಲಿ ನಮ್ಮಪ್ಪನ್ನ ಕಳ್ಸಲ್ಲ,” ಎಂದ.

ಅಂದು ಮಂಗಳವಾರ. ಮೂರಕ್ಕೆ ರಾಹುಕಾಲ, ಅಷ್ಟರೊಳಗೆ ಅಪ್ಪ ಆಂಜನಪ್ಪ ಹೊಸಲು ದಾಟಬೇಕು. ಈಗ ಒಂದೂವರೆ. ಹೊರಗೆ ಶಾಮಿಯಾನದ ಕೆಳಗೆ ಸ್ನಾನದ ನೀರು ಕಾದು ಆರುತ್ತಿತ್ತು, ಚಟ್ಟ ಕಟ್ಟಿ ಆಗಿತ್ತು, ತಮಟೆಯವರು ಎರಡನೆಯ ಸಲ ಟೀ ಕುಡಿದಿದ್ದರು. ಒಳಗೆ ತಾಯಮ್ಮ ಗಂಡನ ಪಾದದ ಹತ್ತಿರ ಕೂತು, ಗಂಡನನ್ನು ನೋಡದೆ ರ‍್ಯಾಕನ್ನು ನೋಡುತ್ತಿದ್ದಳು.

“ನಾನೇಳ್ಲಿಲ್ವಾ,” ಎಂದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಫ್ಯಾಕ್ಟರಿ ಕ್ವಾರ್ಟರ್ಸಿನ ಆ ಮುಂಬಾಗಿಲಿಗೆ ಎರಡು ಕದ. ಎಡಗಡೆಯ ಕದದ ಹಿಂದೆ, ಮುಂದಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ, ಹತ್ತಡಿ ಉದ್ದದ, ಸೂರು ಮುಟ್ಟುವಷ್ಟು ಎತ್ತರದ ರ‍್ಯಾಕು. ಕೂದಲೆಳೆಯಷ್ಟೂ ಸಂದಿಲ್ಲ. ಆಚೆ ತಳ್ಳುವಂತಿಲ್ಲ; ಈಚೆ ಎಳೆದರೆ ಬಲಗಡೆಯ ಕದವೂ ಮುಚ್ಚಿಹೋಗುತ್ತದೆ. ಮೂವತ್ತು ವರ್ಷದಿಂದ ಎಡಗಡೆಯ ಕದ ತೆರೆದಿಲ್ಲ. ಬಂದವರೆಲ್ಲ ಒಂದೂವರೆ ಅಡಿಯ ಜಾಗದಲ್ಲಿ ಪಕ್ಕಕ್ಕೆ ತಿರುಗಿ, ಹೊಟ್ಟೆ ಎಳೆದುಕೊಂಡು, ಏಡಿಯ ಹಾಗೆ ನುಸುಳಿ ಬರಬೇಕು. ರ‍್ಯಾಕಿನ ತುಂಬ ಗೇಣುದ್ದದ ಮರದ ಕಾರುಗಳು. ಕೆಂಪು, ಹಳದಿ, ಹಾವಿನ ಪಟ್ಟೆ ಬರೆದದ್ದು, ಬಾಳೆಹಣ್ಣಿನ ಆಕಾರದ್ದು. ನೂರಾ ಎಂಬತ್ತಾದರೂ ಇದ್ದವು.

*

ಕಾಲೋನಿಯ ಕ್ಲಬ್ಬಿಗೆ ಡರ್ಬಿ ಎಂಬ ಮರದ ಕಾರಿನ ಪಂದ್ಯ ತಂದದ್ದು ಎಲ್ಲಿಂದಲೋ ವರ್ಗವಾಗಿ ಬಂದ ಒಬ್ಬ ಮ್ಯಾನೇಜರು. ಮಕ್ಕಳಿಗೆ ಒಂದೊಂದು ಮರದ ತುಂಡು, ನಾಲ್ಕು ಚಕ್ರ, ನಾಲ್ಕು ಮೊಳೆ. ಮನೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ ತಂದು, ಇಳಿಜಾರಿನ ಹಲಗೆಯ ಮೇಲೆ ಬಿಡಬೇಕು. ಮೊದಲು ಕೆಳಗೆ ತಲುಪಿದ್ದು ಗೆದ್ದಂತೆ. ಎಂಜಿನ್ನಿಲ್ಲ, ಬ್ಯಾಟರಿಯಿಲ್ಲ. ಮ್ಯಾನೇಜರು ವರ್ಗವಾಗಿ ಹೋದರೂ ಪಂದ್ಯ ಉಳಿಯಿತು, ಯಾಕೆಂದರೆ ಆಂಜನಪ್ಪ ಉಳಿದಿದ್ದ. ಅವನು ಪ್ಯಾಟರ್ನ್ ಶಾಪಿನ ಬಡಗಿ. ಎರಕದ ಅಚ್ಚಿಗೆ ಮರದ ಮಾದರಿ ಮಾಡುವವನು. ಕಬ್ಬಿಣ ಆರಿದಾಗ ಎಷ್ಟು ಕುಗ್ಗುತ್ತದೆ ಎಂದು ತಿಳಿದು ಅಷ್ಟು ಹೆಚ್ಚಿಗೆ ಕೆತ್ತುವವನು.

ಮೊದಲ ವರ್ಷ ಪಂದ್ಯ ಮುಗಿದ ಮೇಲೆ ಕ್ಲಬ್ಬಿನ ಸೆಕ್ರೆಟರಿ ಕದಿರಪ್ಪ ಕಾರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಸ್ಟೋರ್ ರೂಮಿಗೆ ಹಾಕಿ ಬೀಗ ಜಡಿದ. ಕದಿರಪ್ಪನಿಗೆ ಬೀಗವೆಂದರೆ ಪ್ರೀತಿ. ಕ್ಯಾರಂ ಬೋರ್ಡಿಗೂ ಬೀಗ, ಪೇಪರು ಓದುವ ಕೋಣೆಗೂ ಬೀಗ. ಮುಂದಿನ ವರ್ಷ ಚೀಲ ಸುರಿದಾಗ ಅರ್ಧ ಚಕ್ರಗಳು ಕಳಚಿದ್ದವು, ಮೊಳೆಗಳು ಬಗ್ಗಿದ್ದವು, ಬಣ್ಣವನ್ನು ಇಲಿ ಕೆರೆದಿತ್ತು. ಪಕ್ಕದ ಮನೆಯ ಶ್ಯಾಮಲ, ಆಗ ಎಂಟು ವರ್ಷದವಳು, ಮೂರೇ ಚಕ್ರದ ತನ್ನ ಹಳದಿ ಕಾರನ್ನು ಎದೆಗೊತ್ತಿಕೊಂಡು ಮನೆಗೆ ಹೋದಳು.

ಆಂಜನಪ್ಪ ರ‍್ಯಾಕು ಮಾಡಲು ಕೂತದ್ದು ಆ ಮೇಲೆ. ಪ್ಯಾಕಿಂಗ್ ಪೆಟ್ಟಿಗೆಗಳ ಮರ, ಏಳು ತಿಂಗಳ ಭಾನುವಾರಗಳು. ಕಾರನ್ನು ಚಕ್ರದ ಮೇಲೆ ವರ್ಷಗಟ್ಟಲೆ ನಿಲ್ಲಿಸಿದರೆ ಮೊಳೆ ಬಾಗುತ್ತದೆ ಎಂದು, ಒಂದೊಂದರ ಹೊಟ್ಟೆಯ ಕೆಳಗೂ ಬೆರಳಗಲದ ದಿಂಡು ಕೊಟ್ಟ, ಚಕ್ರಗಳು ಗಾಳಿಯಲ್ಲಿ. ಮೇಲಿನ ಅಂತಸ್ತುಗಳು ನೋಡುವುದಕ್ಕೆ, ಮೂತಿ ಸ್ವಲ್ಪ ಮೇಲೆತ್ತಿ. ಕೆಳಗಿನವು ಹಳೆಯ ಕಾರುಗಳನ್ನು ಜೋಪಾನ ಮಾಡುವುದಕ್ಕೆ, ಬಟ್ಟೆ ಹಾಸಿ. ಗಾಳಿಯಾಡಲಿ ಎಂದು ಹಿಂಬದಿಗೆ ಹಲಗೆ ಹೊದಿಸಲಿಲ್ಲ. ಒಂದೇ ಒಂದು ಮೊಳೆ ಹೊಡೆಯಲಿಲ್ಲ.

ಕದಿರಪ್ಪ ಆರು ಜನರನ್ನು ಕರೆದುಕೊಂಡು ಅದನ್ನು ಕ್ಲಬ್ಬಿಗೆ ಒಯ್ಯಲು ಬಂದ. ಜಗ್ಗಿದರು, ಓರೆ ಮಾಡಿದರು, ಬೆವತರು. ರ‍್ಯಾಕು ಬಾಗಿಲಿಗಿಂತ ಒಂದಡಿ ಎತ್ತರವಿತ್ತು.

“ಕೂದ್ಲು ಸೀಳೋ ಅಳ್ತೆ ನಿಂದು,” ಎಂದ ಕದಿರಪ್ಪ. “ಬಾಗ್ಲು ಅಳೀಲಿಲ್ವೇನಯ್ಯ?”

ಆಂಜನಪ್ಪ ತಲೆ ಕೆರೆದುಕೊಂಡ. “ಗ್ವಾಡೆ ಅಳ್ದೆ ಕಣಣ್ಣ. ಬಾಗ್ಲು ಮರ್ತೋಯ್ತು.”

ಕಾಲೋನಿಗೆ ಕಾಲೋನಿಯೇ ನಕ್ಕಿತು. ಅಂದಿನಿಂದ ಅವನು ಬಾಗ್ಲು ಮರ್ತ ಆಂಜನಪ್ಪ. ನಲ್ಲಿಯ ಹತ್ತಿರ ಆ ಹೆಸರು ಕೇಳಿ ಕೇಳಿ ತಾಯಮ್ಮ ಕುದಿದುಹೋದಳು. ಕುಯ್ದು ಒಲೆಗಿಡುತ್ತೇನೆ ಎಂದಳು. ಅವನು ‘ನೋಡಾನ’ ಎಂದ. ಮೂವತ್ತು ವರ್ಷ ನೋಡಾನ ಎಂದ. ಕಾರುಗಳು ಮನೆಯಲ್ಲಿದ್ದುದರಿಂದ ಮಕ್ಕಳೂ ಮನೆಗೇ ಬಂದರು. ಸ್ಕೂಲು ಬಿಟ್ಟೊಡನೆ ಒಬ್ಬೊಬ್ಬರಾಗಿ ನುಸುಳಿ, ತಮ್ಮ ತಮ್ಮ ಕಾರು ಇಳಿಸಿಕೊಂಡು, ಪೆನ್ಸಿಲ್ ಸೀಸದ ಪುಡಿಯನ್ನು ಮೊಳೆಗೆ ಹಚ್ಚಿ, ಚಕ್ರ ತಿರುಗಿಸಿ ಕಿವಿಗಿಟ್ಟುಕೊಂಡು ಕೇಳುವರು. ತಾಯಮ್ಮ ಬೈಯುತ್ತ ಬೈಯುತ್ತ ಪುರಿ ಕೊಡುವಳು, ಬೈಯುತ್ತಲೇ ನೆಲದ ಮೇಲಿನ ಸೀಸದ ಕರಿ ಒರೆಸುವಳು.

*

ಶಶಿಧರ ಅಪ್ಪನ ಪೆಟ್ಟಿಗೆಯಿಂದಲೇ ಗರಗಸ ತಂದ. ಅವನು ಬಂಗಾರಪೇಟೆಯಲ್ಲಿ ಲೈನ್‌ಮನ್. ಕಂಬ ಹತ್ತಿ ಗೊತ್ತೇ ಹೊರತು ಮರ ಕುಯ್ದು ಗೊತ್ತಿಲ್ಲ. ಅಮ್ಮನ ಮುಂದೆ ನಿಂತ.

“ಕುಯ್ಯನೇನಮ್ಮ?”

“ಕುಯ್ಯಿ,” ಎಂದಳು ತಾಯಮ್ಮ. “ನಿನ್ ಮದ್ವೆಗ್ ಮುಂಚೇನೇ ಕುಯ್ಬೇಕಾಗಿತ್ತು.”

*

ಮದುವೆಯ ವಿಷಯ ಅವಳು ಮರೆಯುವಂಥದಲ್ಲ. ಸೊಸೆ ಮಧುಶ್ರೀ ಕಾಮಸಮುದ್ರದ ಕಡೆಯವಳು. ಮನೆ ತುಂಬಿಸಿಕೊಳ್ಳುವಾಗ ಬಲಗಾಲಿನಿಂದ ಅಕ್ಕಿಯ ಸೇರು ಒದ್ದು ಒಳಗೆ ಬರಬೇಕಾದ ಹುಡುಗಿ, ಪಕ್ಕಕ್ಕೆ ತಿರುಗಿ ನಿಂತು, ಯಾವ ಕಾಲು ಯಾವುದೆಂದು ತಿಳಿಯದೆ, ಹಿಮ್ಮಡಿಯಿಂದ ಸೇರು ಬೀಳಿಸಿ, ಸೆರಗನ್ನು ರ‍್ಯಾಕಿಗೆ ಸಿಕ್ಕಿಸಿಕೊಂಡು ಬಂದಳು. ಬೀಗರು ಇದು ಮನೆಯೋ ಇಲಿ ಬಿಲವೋ ಎಂದು ತೆಲುಗಿನಲ್ಲಿ ಅಂದದ್ದು ತಾಯಮ್ಮನ ಕಿವಿಗೆ ಬಿತ್ತು.

ನೆಂಟರು ಹೋದ ಮೇಲೆ ಆಂಜನಪ್ಪ ಹೆಂಡತಿಯ ಪಕ್ಕ ಬಂದು ಕೂತ. “ತಾಯಿ, ಅದ್ನ ಬೇಕಂದ್ರೆ...” ಎಂದು ಶುರುಮಾಡಿದ.

“ಬಾಯ್ ಮುಚ್ಚು,” ಎಂದಿದ್ದಳು ಅವಳು. “ನಂಗೇನೂ ಏಳ್ಬೇಡ.”

ಅವನು ಬಾಯಿ ಮುಚ್ಚಿದ. ಹನ್ನೊಂದು ದಿನ ಅವಳು ಮಾತು ಬಿಟ್ಟಳು. ಅವನು ಆ ವಿಷಯ ಮತ್ತೆ ಎತ್ತಲಿಲ್ಲ.

*

ಕುಯ್ಯುವ ಮೊದಲು ಕಾರುಗಳನ್ನು ಇಳಿಸಬೇಕಾಯಿತು. ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಿಂದ ರಜೆ ಹಾಕಿ ಬಂದಿದ್ದ ಶ್ಯಾಮಲ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದಳು. ಅವಳು ಒಂದೊಂದಾಗಿ ಕೊಡುತ್ತಿದ್ದಂತೆ ಕಾರುಗಳು ಕೈಯಿಂದ ಕೈಗೆ ಬಾಗಿಲ ಸಂದಿಯಲ್ಲಿ ಹಾದು ಶಾಮಿಯಾನದ ಕೆಳಗೆ ಹೋದವು. ಅಲ್ಲಿ ನಲವತ್ತರ ಆಸುಪಾಸಿನ ಗಂಡಸರು, ಹೂವಿನ ಹಾರ ತಂದವರು, ಹಾರವನ್ನು ಕುರ್ಚಿಯ ಮೇಲಿಟ್ಟು ಕಾರುಗಳನ್ನು ಮಗುಚಿ ಹೊಟ್ಟೆಯ ಮೇಲಿನ ಹೆಸರು ಹುಡುಕತೊಡಗಿದರು. ಒಬ್ಬ ಚಕ್ರ ತಿರುಗಿಸಿ ಕಿವಿಗಿಟ್ಟುಕೊಂಡ.

“ಎಣ ನೋಡಕ್ ಬಂದ್ರೋ, ಕಾರ್ ನೋಡಕ್ ಬಂದ್ರೋ?” ಎಂದು ಅಶ್ವತ್ಥಪ್ಪ ಒಳಗಿನಿಂದಲೇ ಗದರಿದ. ಗಂಟೆ ಎರಡಾಗಿತ್ತು.

“ಇದೊಂದು ಬತ್ತಾ ಇಲ್ಲಕ್ಕ,” ಎಂದಳು ಶ್ಯಾಮಲ. ಎರಡನೆಯ ಅಂತಸ್ತಿನಲ್ಲಿ, ಬಾಗಿಲ ಕಡೆಯ ಕೊನೆಯ ಕಾರು. ಬಣ್ಣವಿಲ್ಲದ್ದು, ಹೆಸರಿಲ್ಲದ್ದು. ಇರಲಿ ಬಿಡು, ಕುಯ್ದ ಮೇಲೆ ತಾನೇ ಬರುತ್ತದೆ ಎಂದ ಶಶಿಧರ. ಗರಗಸವನ್ನು ಮುಂಗಂಬಕ್ಕೆ ಒತ್ತಿ ಒಂದು ಸಲ ಎಳೆದ. ಬಿಳಿ ಹೊಟ್ಟು ಉದುರಿತು.

ತಾಯಮ್ಮ ಎದ್ದು ನಿಂತಿದ್ದಳು. ಕಾರುಗಳೆಲ್ಲ ಹೋಗಿ ಖಾಲಿಯಾದ ರ‍್ಯಾಕಿನ ಆಚೆ ಗೋಡೆ ಕಾಣುತ್ತಿತ್ತು. ನೀಲಿ ಗೋಡೆ.

“ತಡೀಲಾ ಶಶಿ.”

ಅವಳು ರ‍್ಯಾಕಿನೊಳಕ್ಕೆ ಕೈ ಹಾಕಿ, ಹಿಂಗಂಬದ ಹಿಂದೆ ಬೆರಳು ತೂರಿಸಿ ಮುಟ್ಟಿ ನೋಡಿದಳು. ಅಲ್ಲೂ ನುಣ್ಣಗಿತ್ತು, ಅಲ್ಲೂ ನೀಲಿ.

“ಈ ನೀಲಿ ಇಲ್ಲಿಗೆಂಗ್ ಬಂತು?”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಈ ಮನೆಗೆ ಮೂವತ್ತು ವರ್ಷವೂ ಬಿಳಿ ಸುಣ್ಣ. ನೀಲಿ ಬಣ್ಣದ ಡಬ್ಬ ತಂದುಕೊಟ್ಟವನು ಶಶಿಧರನೇ, ಕಳೆದ ಡಿಸೆಂಬರಿನಲ್ಲಿ. ಬಳಿದದ್ದು ಆಂಜನಪ್ಪ, ಒಬ್ಬನೇ, ತಾಯಮ್ಮ ಅವರೆಕಾಯಿ ಕಾಲಕ್ಕೆ ಬೂದಿಕೋಟೆಗೆ ಹೋಗಿದ್ದಾಗ. ಪ್ರತಿ ವರ್ಷವೂ ಹಾಗೆಯೇ. ಸುಣ್ಣ ನಾನು ಬಳೀತೀನಿ, ಧೂಳು ನಿನಗಾಗಲ್ಲ, ಊರಿಗೆ ಹೋಗಿ ಬಾ ಎಂದು ಬಸ್ಸು ಹತ್ತಿಸುತ್ತಿದ್ದ. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಕಂಬದ ಹಿಂದೆ, ಬೆರಳೇ ಕಷ್ಟಪಟ್ಟು ಹೋಗುವ ಕಡೆ, ಬ್ರಷ್ಷು ಹೋಗಬೇಕಾದರೆ ಈ ರ‍್ಯಾಕು ಅಲ್ಲಿ ಇರಕೂಡದು.

ತಾಯಮ್ಮನ ಕಣ್ಣು ಬಣ್ಣವಿಲ್ಲದ ಕಾರಿನ ಮೇಲೆ ನಿಂತಿತು. ದಿನಾ ಬೆಳಿಗ್ಗೆ ಧೂಳು ಹೊಡೆಯುವವಳು ಅವಳೇ. ಬಟ್ಟೆ ತಾಗಿದರೆ ಉಳಿದ ಕಾರುಗಳು ಅಲುಗುತ್ತಿದ್ದವು, ಇದೊಂದು ಅಲುಗುತ್ತಿರಲಿಲ್ಲ. ಅಂಟು ಹಾಕಿದ್ದಾನೆ ಎಂದುಕೊಂಡು ಸುಮ್ಮನಿದ್ದಳು. ಈಗ ಅಡುಗೆಮನೆಗೆ ಹೋಗಿ ಗುಂಡುಕಲ್ಲು ತಂದು, ಅದಕ್ಕೆ ಟವಲ್ಲು ಸುತ್ತಿ, ಕಾರಿನ ಅಡಿಯಿಂದ ಮೇಲಕ್ಕೆ ಕುಟ್ಟಿದಳು. ಮೂರನೆಯ ಏಟಿಗೆ ಕಾರು ಮೇಲೆದ್ದಿತು. ಅದರ ಹೊಟ್ಟೆಯ ಕೆಳಗೆ ಗೇಣುದ್ದದ ಬೆಣೆ, ಮೇಣ ಸವರಿದ್ದು. ಬೆಣೆಯ ಮೇಲೆ ಪೆನ್ಸಿಲಿನಲ್ಲಿ ಗುಂಡಗೆ ‘೧’ ಎಂದು ಬರೆದಿತ್ತು.

ಅದು ಬಂದ ತೂತಿನ ಆಚೆ ಇನ್ನೊಂದು ಗೂಟದ ತಲೆ ಕಂಡಿತು. ಅದರ ಮೇಲೆ ‘೨’.

ಶಶಿಧರ ಗರಗಸ ಕೆಳಗಿಟ್ಟ. ಆಮೇಲೆ ಯಾರೂ ಏನೂ ಯೋಚಿಸಬೇಕಾಗಲಿಲ್ಲ. ಸತ್ತವನು ಎಲ್ಲವನ್ನೂ ಬರೆದಿಟ್ಟಿದ್ದ. ಮೂರು, ನಾಲ್ಕು, ಐದು. ಹಲಗೆಗಳ ಅಂಚಿನಲ್ಲೂ ಅಂಕಿ, ಯಾವುದರ ಮೇಲೆ ಯಾವುದೆಂದು ಬಾಣದ ಗುರುತು. ಅರ್ಧ ಗಂಟೆಯೊಳಗೆ ರ‍್ಯಾಕು ಹಲಗೆಗಳ ಒಂದು ಕಟ್ಟಾಗಿ ಗೋಡೆಗೆ ಒರಗಿತ್ತು. ಅಶ್ವತ್ಥಪ್ಪ ಗಡಿಯಾರ ನೋಡುವುದನ್ನು ಬಿಟ್ಟ.

ಹೊರಗೆ ಕುರ್ಚಿಯಲ್ಲಿದ್ದ ಕದಿರಪ್ಪ, ಎಂಬತ್ತು ದಾಟಿದವನು, ಕೋಲೂರಿಕೊಂಡು ಒಳಗೆ ಬಂದ. ಒಂದು ಹಲಗೆಯನ್ನು ಕಣ್ಣಿನ ಹತ್ತಿರ ಹಿಡಿದು ಅಂಕಿ ಓದಿದ. ಪೆನ್ಸಿಲಿನ ಗೆರೆ ಹಳತಾಗಿ ಮರದೊಳಗೆ ಇಳಿದಿತ್ತು.

“ಅಂಗಾದ್ರೆ ಆವತ್ತೇ ಬಿಚ್ಬೋದಾಗಿತ್ತು,” ಎಂದ.

ಶ್ಯಾಮಲ ತನ್ನ ಹಳದಿ ಕಾರನ್ನು ಹಿಡಿದು ನಿಂತಿದ್ದಳು; ಅದಕ್ಕೆ ನಾಲ್ಕು ಚಕ್ರವಿತ್ತು. ಕದಿರಪ್ಪ ಅದನ್ನು ನೋಡಿದ, ಹಲಗೆಯನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟ. “ಸ್ಟೋರ್ ರೂಮ್ ಬೀಗದ್ ಕೈ ನನ್ತಾವ ಇತ್ತಲ್ಲ,” ಎಂದು ತನಗೆ ತಾನೇ ಹೇಳಿಕೊಂಡ.

ತಾಯಮ್ಮ ಗಂಡನ ತಲೆಯ ಹತ್ತಿರ ಬಗ್ಗಿದಳು. ಅಳುತ್ತಾಳೆ ಎಂದುಕೊಂಡು ಹೆಂಗಸರು ಹತ್ತಿರ ಬಂದರು.

“ಮೂವತ್ತೊರ್ಸ ನನ್ನ ಏಡಿ ಮಾಡಿದ್ಯಲ್ಲ,” ಎಂದಳು. “ಊರೋರೆಲ್ಲ ನಗ್ಲಿ ಅಂತ ನೀನು ಸುಮ್ಕಿದ್ದೆ. ನಂಗಾದ್ರೂ ಏಳ್ಬಾರ್ದಾಗಿತ್ತಾ? ನಾನೇನು ಓಗಿ ಕದಿರಪ್ಪಣ್ಣಂಗೆ ಏಳ್ತಿದ್ನಾ?”

“ಏಳ್ತಿದ್ದೆ ಕಣಮ್ಮಿ,” ಎಂದ ಅಶ್ವತ್ಥಪ್ಪ.

ತಾಯಮ್ಮ ಅಣ್ಣನನ್ನು ದಿಟ್ಟಿಸಿದಳು. “ಊಂ, ಏಳ್ತಿದ್ದೆ,” ಎಂದು ಒಪ್ಪಿಕೊಂಡಳು. ಆಮೇಲೆ ಅತ್ತಳು.

ಎಡಗಡೆಯ ಕದದ ಅಗುಳಿ ತುಕ್ಕು ಹಿಡಿದಿತ್ತು. ಶಶಿಧರ ದೀಪದ ಎಣ್ಣೆಯನ್ನೇ ಒಂದಿಷ್ಟು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಎಳೆದ. ಕದ ನರಳಿಕೊಂಡು, ಜೇಡರಬಲೆ ಹರಿದುಕೊಂಡು ತೆರೆಯಿತು. ಮೂವತ್ತು ವರ್ಷ ಬಿಸಿಲು ಕಾಣದ ನೆಲದ ಮೇಲೆ ಬಿಸಿಲು ಬಿತ್ತು. ಎರಡು ಮುಕ್ಕಾಲಿಗೆ ಆಂಜನಪ್ಪ ಮಲಗಿಕೊಂಡೇ, ಕಾಲು ಮುಂದಾಗಿ, ಎರಡು ಪಕ್ಕಕ್ಕೂ ತಾಗದೆ ಹೊರಗೆ ಹೋದ.

*

ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು ಗಂಡಸರು ತಿರುಗಿ ಬಂದಾಗ ಹೊತ್ತು ಇಳಿಯುತ್ತಿತ್ತು. ದೇಹ ಇದ್ದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ನೋಡಿಯೇ ಎಲ್ಲರೂ ಅವರವರ ಮನೆಗೆ ಹೋಗಬೇಕು. ಮನೆ ಸಾರಿಸಿಯಾಗಿತ್ತು. ತಾಯಮ್ಮ ನೀಲಿ ಗೋಡೆಗೆ ಒರಗಿ, ಬಾಗಿಲಿಗೆ ಎದುರಾಗಿ ಕೂತಿದ್ದಳು. ಎರಡು ಕದವೂ ಹಾರುಹೊಡೆದಿದ್ದವು.

ಮೊದಲು ಬಂದವನು ಅಶ್ವತ್ಥಪ್ಪ. ಹೊಸಲ ಹತ್ತಿರ ಬಂದು ಪಕ್ಕಕ್ಕೆ ತಿರುಗಿದ, ಹೊಟ್ಟೆ ಎಳೆದುಕೊಂಡ, ಬಲಗಡೆಯ ಕದವನ್ನು ಸವರಿಕೊಂಡು ಒಳಗೆ ಬಂದ. ಅವನ ಹಿಂದೆ ಕದಿರಪ್ಪ, ಕೋಲನ್ನು ಮುಂದೆ ಚಾಚಿ, ಪಕ್ಕವಾಗಿ. ಅವನ ಹಿಂದೆ ಕಾರು ಜೇಬಿಗಿಟ್ಟುಕೊಂಡವರು ಒಬ್ಬೊಬ್ಬರಾಗಿ. ಕೊನೆಗೆ ಶಶಿಧರ, ಒದ್ದೆ ಪಂಚೆಯಲ್ಲಿ, ಮೊಳಕೈ ಮಡಚಿಕೊಂಡು.

ಬಾಗಿಲು ತೆಗೆದೈತಲ್ಲ ಎನ್ನಲು ತಾಯಮ್ಮ ಬಾಯಿ ತೆರೆದಳು, ಅನ್ನಲಿಲ್ಲ. ಎಡಗಡೆಯ ಅರ್ಧದಲ್ಲಿ ದೀಪದ ಬೆಳಕೊಂದೇ ನೆಟ್ಟಗೆ ಬೀದಿಗೆ ಇಳಿದಿತ್ತು.